ಪ್ಯಾಟರ್ನ್ ಮ್ಯಾಚಿಂಗ್ ಕಂಪೈಲ್ ಮಾಡುವಾಗ ಯಾವ ಪ್ರಶ್ನೆ ಮೊದಲು ಕೇಳಬೇಕು?

ತೋಟದಮನೆ (ಸಕಲೇಶಪುರ) · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದು ಪುಟ್ಟ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ ಕಟ್ತಾ ಇದೀನಿ. ಕೀವರ್ಡ್, ಬಗೆಗಳ (ಟೈಪ್) ಹೆಸರು ಎಲ್ಲಾ ಕನ್ನಡದಲ್ಲೇ. ಕಂಪೈಲರ್ ಬರೀತಿರೋದು ಓಕ್ಯಾಮಲ್ ಅನ್ನೋ ಭಾಷೆಯಲ್ಲಿ. ಕೊಯ್ಲು ನಡೀತಿದೆ, ಹಗಲೆಲ್ಲ ಕಣದಲ್ಲಿ, ರಾತ್ರಿ ಎರಡು ಗಂಟೆ ಇದಕ್ಕೆ. ಹಾಗಾಗಿ ಉದಾಹರಣೆಯೂ ಕಾಫಿಯದ್ದೇ. ಪ್ಯಾಟರ್ನ್ ಮ್ಯಾಚಿಂಗ್ ಅಂದರೆ ಬಂದದ್ದನ್ನ ಸಾಲುಗಳ ಜೊತೆ ಹೋಲಿಸಿ, ಮೊದಲು ಹೊಂದಿದ ಸಾಲಿನ ಉತ್ತರ ಕೊಡೋದು. ಒಂದು ಲಾಟ್ ಬಂದರೆ ಅದನ್ನ ಎಲ್ಲಿಗೆ ಕಳಿಸಬೇಕು ಅನ್ನೋ ನಿಯಮ:

ಬಗೆ ಜಾತಿ = ಅರೇಬಿಕಾ | ರೊಬಸ್ಟಾ
ಬಗೆ ಸಂಸ್ಕರಣೆ = ಪಾರ್ಚ್‌ಮೆಂಟ್ | ಚೆರಿ
ಬಗೆ ತೇವ = ಹಸಿ | ಒಣ

ಎಲ್ಲಿಗೆ ಲಾಟ್ =
1. (_, _, ಹಸಿ) → ಕಣ
2. (ಅರೇಬಿಕಾ, ಪಾರ್ಚ್‌ಮೆಂಟ್, _) → ಗೋದಾಮು 1
3. (ರೊಬಸ್ಟಾ, _, _) → ಗೋದಾಮು 3
4. (ಅರೇಬಿಕಾ, ಚೆರಿ, ಒಣ) → ಗೋದಾಮು 2

(ಸಾಲಿನ ನಂಬರ್ ಮಾತಾಡೋ ಅನುಕೂಲಕ್ಕೆ ಹಾಕಿದ್ದು, ಭಾಷೆಯಲ್ಲಿ ಇಲ್ಲ. ಅಂಡರ್‌ಸ್ಕೋರ್ ಅಂದರೆ ಅಲ್ಲಿ ಏನಿದ್ದರೂ ಸೈ. ಪಾರ್ಚ್‌ಮೆಂಟ್ ಅಂದರೆ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು, ಚೆರಿ ಅಂದರೆ ಹಣ್ಣನ್ನ ಹಾಗೇ ಒಣಗಿಸಿದ್ದು.)

ಇಷ್ಟು ದಿನ ಮೇಲಿಂದ ಕೆಳಕ್ಕೆ ಒಂದೊಂದೇ ಸಾಲು ಹೋಲಿಸೋ ಹಾಗೆ ಕಂಪೈಲ್ ಮಾಡ್ತಿದ್ದೆ. ಮೊನ್ನೆ ಡಿಸಿಷನ್ ಟ್ರೀಗೆ, ಅಂದರೆ ಪ್ರಶ್ನೆಗಳ ಮರಕ್ಕೆ ಬದಲಾಯಿಸಿದೆ. ಎಡಗಡೆ ಕಾಲಂ ಮೊದಲು ಪರೀಕ್ಷಿಸಿ, ಸಿಕ್ಕಿದ ಕನ್‌ಸ್ಟ್ರಕ್ಟರ್‌ಗೆ (ಅರೇಬಿಕಾ, ಹಸಿ ಥರದ ಹೆಸರು) ಹೊಂದೋ ಸಾಲುಗಳನ್ನ ಮಾತ್ರ ಇಟ್ಕೊಂಡು ಮುಂದಿನ ಕಾಲಂಗೆ ಹೋಗೋದು. ಮರ ಪ್ರಿಂಟ್ ಮಾಡಿ ನೋಡಿದ್ರೆ ‘ಕಣ’ ಮೂರು ಕಡೆ ಬಂದಿದೆ. ನಾನು ಬರೆದಿದ್ದು ಒಂದೇ ಸಾಲು. ಇದು ನನ್ನ ತಪ್ಪಾ, ಅಥವಾ ಈ ವಿಧಾನವೇ ಹೀಗಾ?

ಬೇಲೂರುದಾರಿ (ಹಾಸನ) · ಶನಿವಾರ, ರಾತ್ರಿ 10:05

ಅಣ್ಣ, ನಾನಿನ್ನೂ ಆರನೇ ಸೆಮ್. ತಪ್ಪು ಪ್ರಶ್ನೆ ಆದ್ರೆ ಹೇಳಿ. ಸಾಲು ಸಾಲಾಗಿ ಹೋಲಿಸಿದ್ರೆ ಏನು ನಷ್ಟ? ಇರೋದೇ ನಾಲ್ಕು ಸಾಲು. ಬರೆದ ಕ್ರಮದಲ್ಲೇ ನೋಡಿದ್ರೆ ಅರ್ಥನೂ ಕೆಡಲ್ಲ ಅಲ್ವಾ.

ಕಳಸದಮಂಜು (ಚಿಕ್ಕಮಗಳೂರು ಜಿಲ್ಲೆ) · ಶನಿವಾರ, ರಾತ್ರಿ 10:50

ಇಬ್ಬರ ಪ್ರಶ್ನೆಗೂ ಒಟ್ಟಿಗೆ ಉತ್ತರ ಕೊಡ್ತೀನಿ, ಎರಡೂ ಒಂದೇ ಕಡೆ ಹೋಗಿ ಸೇರ್ತವೆ. ನಾನು ಕೆಲಸಕ್ಕೆ ಕಂಪೈಲರ್‌ಗಳ ಮಧ್ಯೆಯೇ ಇರೋಳು, ಈ ವಿಷಯ ನನಗೆ ತುಂಬಾ ಇಷ್ಟ, ಆದ್ದರಿಂದ ಉದ್ದ ಆಗುತ್ತೆ.

ಮೊದಲು ನಷ್ಟ ಏನು ಅಂತ ಎಣಿಸಿ ನೋಡೋಣ. (ಅರೇಬಿಕಾ, ಚೆರಿ, ಒಣ) ಲಾಟ್ ಬಂತು ಅಂತಿಟ್ಕೊಳ್ಳಿ. ಸಾಲು ಸಾಲಾಗಿ ಹೋದರೆ: 1ನೇ ಸಾಲಿಗೆ ತೇವ ನೋಡಿದ್ವಿ, ಆಗಲಿಲ್ಲ. 2ನೇ ಸಾಲಿಗೆ ಜಾತಿ ನೋಡಿದ್ವಿ, ಸಂಸ್ಕರಣೆ ನೋಡಿದ್ವಿ, ಆಗಲಿಲ್ಲ. 3ನೇ ಸಾಲಿಗೆ ಮತ್ತೆ ಜಾತಿ. 4ನೇ ಸಾಲಿಗೆ ಮತ್ತೆ ಜಾತಿ, ಮತ್ತೆ ಸಂಸ್ಕರಣೆ, ಮತ್ತೆ ತೇವ. ಒಟ್ಟು 7 ಪರೀಕ್ಷೆ. ಮೂರೇ ಸಂಗತಿ ಇರೋ ಲಾಟ್‌ಗೆ ಏಳು ಸಲ ಕೇಳಿದ್ವಿ. ಜಾತಿ ಅರೇಬಿಕಾ ಅಂತ 2ನೇ ಸಾಲಲ್ಲೇ ಗೊತ್ತಾಗಿತ್ತು, ಆದರೆ ಆ ಉತ್ತರವನ್ನ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನಾಲ್ಕು ಸಾಲಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಕಂಪೈಲರ್, ಥಿಯರಂ ಪ್ರೂವರ್‌ನಂಥ ಪ್ರೋಗ್ರಾಂಗಳಲ್ಲಿ ಒಂದೊಂದು ಮ್ಯಾಚ್‌ಗೆ ಹತ್ತಾರು ಸಾಲು ಇರುತ್ತೆ, ಅದರೊಳಗೆ ಇನ್ನೊಂದು ಪ್ಯಾಟರ್ನ್ ಇರುತ್ತೆ, ದಿನವಿಡೀ ಅದೇ ಓಡ್ತಿರುತ್ತೆ.

ಡಿಸಿಷನ್ ಟ್ರೀ ಅಂದರೆ ಕೇಳಿದ್ದನ್ನ ಇನ್ನೊಮ್ಮೆ ಕೇಳದೇ ಇರೋದು. ಬೇರಿನಿಂದ ಎಲೆವರೆಗಿನ ಯಾವ ದಾರಿಯಲ್ಲೂ ಒಂದು ಜಾಗವನ್ನ ಒಂದೇ ಸಲ ಪರೀಕ್ಷೆ ಮಾಡ್ತೀವಿ. ಅದಕ್ಕೆ ತೆರೋ ಬೆಲೆ ಪ್ರತಿಗಳು. ತೋಟದಮನೆ, ನೀನು ಜಾತಿ ಮೊದಲು ಕೇಳಿದೆ. 1ನೇ ಸಾಲಲ್ಲಿ ಜಾತಿ ಜಾಗದಲ್ಲಿ ಅಂಡರ್‌ಸ್ಕೋರ್ ಇದೆ. ಅಂದರೆ ಅದಕ್ಕೆ ಅರೇಬಿಕಾನೂ ಸೈ, ರೊಬಸ್ಟಾನೂ ಸೈ. ಹಾಗಾಗಿ ಆ ಸಾಲು ಎರಡೂ ಕೊಂಬೆಗೆ ಹೋಗಲೇಬೇಕು. ಅರೇಬಿಕಾ ಕೊಂಬೆಯಲ್ಲಿ ಸಂಸ್ಕರಣೆ ಕೇಳಿದಾಗ ಮತ್ತೆ ಎರಡಾಯ್ತು. ಒಟ್ಟು ಮೂರು ‘ಕಣ’. ತಪ್ಪು ನಿನ್ನ ಕೋಡ್‌ನಲ್ಲಿಲ್ಲ, ಕಾಲಂ ಆರಿಸಿದ ರೀತಿಯಲ್ಲಿದೆ.

ಈಗ ತೇವವನ್ನೇ ಮೊದಲು ಕೇಳು. ಹಸಿ ಅಂದರೆ ಅಲ್ಲಿಗೇ ಮುಗೀತು, ಕಣ. ಒಣ ಅಂದರೆ 2, 3, 4 ಸಾಲು ಉಳೀತವೆ. ಜಾತಿ ಕೇಳು: ರೊಬಸ್ಟಾ ಆದರೆ ಗೋದಾಮು 3. ಅರೇಬಿಕಾ ಆದರೆ ಸಂಸ್ಕರಣೆ ಕೇಳು, ಗೋದಾಮು 1 ಅಥವಾ 2. ಇಡೀ ಮರದಲ್ಲಿ 3 ಪರೀಕ್ಷೆ, 4 ಎಲೆ, ಒಂದು ಸಾಲೂ ನಕಲಾಗಿಲ್ಲ. ನಿನ್ನ ಮರದಲ್ಲಿ 5 ಪರೀಕ್ಷೆ, 6 ಎಲೆ.

ಬೇಲೂರುದಾರಿ, ಅರ್ಥ ಕೆಡುತ್ತೆ ಅನ್ನೋ ನಿನ್ನ ಭಯ ಸರಿಯಾದದ್ದೇ. ಎರಡು ಕ್ರಮಗಳಿವೆ, ಬೇರೆ ಮಾಡಿ ನೋಡು. ಸಾಲುಗಳ ಕ್ರಮ ಬರೆದವರದ್ದು: ಎರಡು ಸಾಲು ಹೊಂದಿದರೆ ಮೇಲಿನದ್ದೇ ಗೆಲ್ಲಬೇಕು. ಅದನ್ನ ಮುಟ್ಟೋ ಹಾಗಿಲ್ಲ. ಕಾಲಂಗಳ ಕ್ರಮ ಕಂಪೈಲರ್‌ನದ್ದು. ಯಾವುದನ್ನ ಮೊದಲು ಕೇಳಿದರೂ ಕೊನೆಗೆ ಸಿಗೋ ಉತ್ತರ ಅದೇ. ಇದು ತೋಟದಮನೆಯ ಭಾಷೆಯಂಥ, ಮ್ಯಾಚ್‌ಗೆ ಬರೋಕೆ ಮುಂಚೆಯೇ ಬೆಲೆ (ವ್ಯಾಲ್ಯೂ) ಎಲ್ಲ ಲೆಕ್ಕವಾಗಿರೋ ಭಾಷೆಗೆ ನಿಜ. ಹ್ಯಾಸ್ಕೆಲ್‌ನಂಥ ಲೇಜಿ ಭಾಷೆಯಲ್ಲಿ (ಬೇಕಾಗೋವರೆಗೂ ಲೆಕ್ಕ ಮಾಡದ ಭಾಷೆ) ಒಂದು ಜಾಗವನ್ನ ಪರೀಕ್ಷೆ ಮಾಡೋದು ಅಂದರೆ ಅಲ್ಲಿಯ ಲೆಕ್ಕವನ್ನ ಓಡಿಸೋದು. ಆ ಲೆಕ್ಕ ಎಂದೂ ಮುಗಿಯದ್ದಾಗಿದ್ದರೆ? ಬೇಡವಾದ ಕಡೆ ಅದನ್ನ ಮುಟ್ಟಿದರೆ, ಉತ್ತರ ಕೊಡಬೇಕಿದ್ದ ಪ್ರೋಗ್ರಾಂ ಸಿಕ್ಕಿಕೊಳ್ಳುತ್ತೆ. ಅಲ್ಲಿ ಕಂಪೈಲರ್‌ಗೆ ಈ ಸ್ವಾತಂತ್ರ್ಯ ಕಡಿಮೆ.

ತೋಟದಮನೆ · ಶನಿವಾರ, ರಾತ್ರಿ 11:15

ಅಕ್ಕ, ಇದು ಕಣ್ಣು ತೆರೆಸಿದ ಹಾಗಾಯ್ತು. ಆದರೆ ತೇವ ಮೊದಲು ಅಂತ ನನಗೆ, ನಿಮಗೆ ಕಾಣುತ್ತೆ. ಕಂಪೈಲರ್‌ಗೆ ಹೇಗೆ ಹೇಳೋದು? ಎಲ್ಲಾ ಕ್ರಮಗಳನ್ನೂ ಮಾಡಿ ನೋಡಿ ಚಿಕ್ಕ ಮರ ಆರಿಸಿಕೊಳ್ಳಲಾ?

ಕಳಸದಮಂಜು · ಶನಿವಾರ, ರಾತ್ರಿ 11:40

ಎಲ್ಲಾ ಕ್ರಮ ಮಾಡಿ ನೋಡೋಕೆ ಆಗಲ್ಲ. ಅತಿ ಚಿಕ್ಕ ಮರ ಹುಡುಕೋದು ಎನ್‌ಪಿ-ಕಂಪ್ಲೀಟ್ (ಬೇಗ ಬಿಡಿಸೋ ದಾರಿ ಯಾರಿಗೂ ಗೊತ್ತಿಲ್ಲದ ಥರದ ಸಮಸ್ಯೆ) ಅಂತ ಬೋಡಿನೆ ಮತ್ತು ಮ್ಯಾಕ್‌ಕ್ವೀನ್ 1985ರಲ್ಲೇ ತೋರಿಸಿದ್ದಾರೆ. (ಈ ಮ್ಯಾಕ್‌ಕ್ವೀನ್ ಅವರೇ ಬರ್ಸ್ಟಾಲ್, ಸನ್ನೆಲ್ಲಾ ಜೊತೆ 1980ರಲ್ಲಿ ಎಡಿನ್‌ಬರೋದ ಹೋಪ್ ಭಾಷೆಯನ್ನ ಪ್ರಕಟಿಸಿದವರು. ನಾವಿವತ್ತು ಬರೆಯೋ ಪ್ಯಾಟರ್ನ್ ಸಾಲುಗಳ ಶೈಲಿ ಆ ಕಡೆಯಿಂದಲೇ ಹರಿದು ಬಂದಿದ್ದು.) ಹಾಗಾಗಿ ಎಲ್ಲರೂ ಅಂದಾಜಿನ ಸೂತ್ರ ಹಾಕ್ಕೋತಾರೆ.

ನನಗೆ ಒಪ್ಪಿಗೆಯಾದದ್ದು ಲುಕ್ ಮರಾಂಜೆ 2008ರಲ್ಲಿ ಬರೆದ ‘ಅಗತ್ಯ’ದ ವಿಚಾರ. ಒಂದು ಸಾಲಿಗೆ ತಲುಪೋ ಯಾವ ಮರವಾದರೂ ಈ ಕಾಲಂ ಕೇಳದೆ ಇರೋಕೆ ಸಾಧ್ಯವೇ ಇಲ್ಲ ಅಂದರೆ, ಆ ಸಾಲಿಗೆ ಆ ಕಾಲಂ ಅಗತ್ಯ. ಹೆಚ್ಚು ಸಾಲುಗಳಿಗೆ ಅಗತ್ಯವಾದ ಕಾಲಂ ಮೊದಲು ಕೇಳು. ಹೇಗೂ ಕೇಳಲೇಬೇಕಾದ್ದನ್ನ ಬೇಗ ಕೇಳಿದರೆ ನಷ್ಟ ಇಲ್ಲ. ನಿನ್ನ ಉದಾಹರಣೆಯಲ್ಲಿ 1ನೇ ಸಾಲು ತೇವ ಕೇಳದೆ ತೀರ್ಮಾನ ಆಗಲ್ಲ. 1ನೇ ಸಾಲು ಅಲ್ಲ ಅಂತ ಗೊತ್ತಾಗದೆ ಕೆಳಗಿನ ಯಾವ ಸಾಲಿಗೂ ಹೋಗೋ ಹಾಗಿಲ್ಲ. ಅಂದರೆ ತೇವ ನಾಲ್ಕೂ ಸಾಲಿಗೆ ಅಗತ್ಯ.

ಅದು ಕಷ್ಟ ಅನ್ನಿಸಿದರೆ ಮೊದಲನೇ ಸಾಲಿನಲ್ಲಿ ಅಂಡರ್‌ಸ್ಕೋರ್ ಇಲ್ಲದ ಕಾಲಂ ಆರಿಸು, ಅಷ್ಟೇ. ಸ್ಕಾಟ್ ಮತ್ತು ರಾಮ್ಸಿ 2000ದಲ್ಲಿ ಇಂಥ ಹಲವು ಸೂತ್ರಗಳನ್ನ ನಿಜವಾದ ಪ್ರೋಗ್ರಾಂಗಳ ಮೇಲೆ ಅಳೆದಾಗ, ಬಹುಪಾಲು ಪ್ರೋಗ್ರಾಂಗಳಿಗೆ ಯಾವ ಸೂತ್ರ ಹಾಕಿದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎಲ್ಮ್ ಭಾಷೆಯ ಕಂಪೈಲರ್ ಅವರ ಆ ಕೆಲಸವನ್ನೇ ಆಧಾರ ಮಾಡ್ಕೊಂಡಿದೆ. ಆದ್ದರಿಂದ ಸೂತ್ರದ ಹಿಂದೆ ವಾರ ಕಳೀಬೇಡ.

ಕಡೂರುಜಂಕ್ಷನ್ (ಕಡೂರು) · ಭಾನುವಾರ, ಬೆಳಿಗ್ಗೆ 7:30

ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಇನ್ನೊಂದು ಪಕ್ಷವೂ ಇಲ್ಲಿ ಬರಬೇಕು. ನಾನು ಎರ್ಲಾಂಗ್ ಭಾಷೆಯಲ್ಲಿ ಕೆಲಸ ಮಾಡೋನು. ಅದರ ಕಂಪೈಲರ್ ಸೈಮನ್ ಪೇಟನ್ ಜೋನ್ಸ್ ಅವರ 1987ರ ಪುಸ್ತಕದಲ್ಲಿ ಫಿಲಿಪ್ ವ್ಯಾಡ್ಲರ್ ಬರೆದ ಅಧ್ಯಾಯದ ದಾರಿ ಹಿಡಿದದ್ದು. ಲೆನಾರ್ಟ್ ಆಗಸ್ಟ್‌ಸನ್ ಲೇಜಿ ಎಂಎಲ್ ಭಾಷೆಗೆ 1985ರಲ್ಲಿ ಬರೆದದ್ದೂ ಇದೇ ಜಾತಿಯದ್ದು. ಇಲ್ಲಿ ಸಾಲನ್ನ ನಕಲು ಮಾಡೋದೇ ಇಲ್ಲ. ಕಾಲಂನಲ್ಲಿ ಕನ್‌ಸ್ಟ್ರಕ್ಟರ್ ಇರೋ ಸಾಲುಗಳು ಒಂದು ಗುಂಪು, ಅಂಡರ್‌ಸ್ಕೋರ್ ಇರೋವು ಒಂದು ಗುಂಪು ಅಂತ ಬರೆದ ಕ್ರಮದಲ್ಲೇ ಕತ್ತರಿಸ್ತೀವಿ. ಮೇಲಿನ ಗುಂಪು ಸೋತರೆ ಕೆಳಗಿನ ಗುಂಪಿಗೆ ನೆಗೆತ.

ತೋಟದಮನೆಯವರ ನಿಯಮಕ್ಕೆ ಹಾಕಿ ನೋಡಿ. 1ನೇ ಸಾಲು ಅಂಡರ್‌ಸ್ಕೋರ್‌ನಿಂದ ಶುರು, ಅದೊಂದೇ ಮೊದಲ ಗುಂಪು: ತೇವ ಕೇಳು, ಹಸಿ ಆದರೆ ಕಣ, ಇಲ್ಲದಿದ್ದರೆ ನೆಗೆ. 2, 3, 4 ಎರಡನೇ ಗುಂಪು: ಜಾತಿ, ಆಮೇಲೆ ಸಂಸ್ಕರಣೆ. ಎಡಗಡೆಯಿಂದಲೇ ಹೋದರೂ ‘ಕಣ’ ಒಂದೇ ಸಲ ಬಂತು. ಕೋಡ್ ಯಾವತ್ತೂ ಸ್ಫೋಟ ಆಗಲ್ಲ, ಬರೆದ ಪ್ಯಾಟರ್ನ್ ಎಷ್ಟೋ ಅದರ ಅಳತೆಯಲ್ಲೇ ಇರುತ್ತೆ. ನನಗೆ ಈ ಭರವಸೆ ಎರಡು ಪರೀಕ್ಷೆ ಉಳಿಸೋದಕ್ಕಿಂತ ದೊಡ್ಡದು.

ಕಳಸದಮಂಜು · ಭಾನುವಾರ, ಬೆಳಿಗ್ಗೆ 8:20

ಒಪ್ಪಿದೆ ಸರ್. ಆದರೆ ನಿಮ್ಮ ಎರಡನೇ ಗುಂಪಲ್ಲಿ 4ನೇ ಸಾಲು ನೋಡಿ, ಅಲ್ಲಿ ‘ಒಣ’ ಅಂತ ಬರೆದಿದೆ. ನೆಗೆದು ಬಂದ ಮೇಲೆ ತೇವ ಒಣ ಅಂತ ಆಗಲೇ ಗೊತ್ತಿರಬೇಕು, ಆದರೆ ಎರಡನೇ ಗುಂಪಿಗೆ ಆ ಸುದ್ದಿ ತಲುಪಿಲ್ಲ. ಹಾಗಾಗಿ ಅರೇಬಿಕಾ ಚೆರಿಗೆ ತೇವವನ್ನ ಎರಡನೇ ಸಲ ಕೇಳ್ತೀವಿ. ಅಷ್ಟೇ ಅಲ್ಲ, ಅಲ್ಲಿ ‘ಹಸಿ’ ಅಂತ ಬಂದರೆ ಮ್ಯಾಚ್ ಸೋತಿತು ಅಂತ ಒಂದು ಎರರ್ ದಾರಿ ಹುಟ್ಟುತ್ತೆ, ಯಾವತ್ತೂ ಯಾರೂ ನಡೆಯದ ದಾರಿ. ಓಕ್ಯಾಮಲ್ ಕೂಡ ನಿಮ್ಮ ಪಕ್ಷದ್ದೇ. ಲೆ ಫೆಸ್ಸಾಂ ಮತ್ತು ಮರಾಂಜೆ 2001ರಲ್ಲಿ ಮಾಡಿದ್ದು ಸರಿಯಾಗಿ ಇದರ ರಿಪೇರಿ: ನೆಗೆಯುವಾಗ ಇಲ್ಲಿಯವರೆಗೆ ಏನೇನು ಗೊತ್ತಾಗಿದೆ ಅನ್ನೋದನ್ನ ಜೊತೆಗೆ ಒಯ್ಯೋದು, ಸೋಲೋದು ಖಚಿತ ಇರೋ ಗುಂಪುಗಳನ್ನ ಹಾರಿ ಮುಂದಕ್ಕೆ ನೆಗೆಯೋದು. ಅದನ್ನ ಹಾಕಿದ ಮೇಲೆ ಎರಡೂ ಪಕ್ಷಕ್ಕೂ ಅಂತರ ತುಂಬಾ ಕಡಿಮೆ ಆಗುತ್ತೆ.

ಗೋದಾಮುಲೆಕ್ಕ (ಚಿಕ್ಕಮಗಳೂರು) · ಭಾನುವಾರ, ಬೆಳಿಗ್ಗೆ 9:10

ನಾನು ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸೋ ಕೆಲಸ) ಕಡೆಯವನು, ಪ್ರೋಗ್ರಾಮಿಂಗ್ ಆಮೇಲೆ ಕಲಿತಿದ್ದು. ಗ್ರೇಡಿಂಗ್ ಜರಡಿಯಲ್ಲಿ ದಪ್ಪ ಕಾಳು ಮೇಲಿನ ಜರಡಿಯಲ್ಲೇ ನಿಲ್ಲುತ್ತೆ, ಕೆಳಗೆ ಬಿದ್ದದ್ದನ್ನ ಮತ್ತೆ ಮೇಲಿನದ್ದಕ್ಕೆ ಯಾರೂ ಸುರಿಯಲ್ಲ. ಕೆಳಗೆ ಬಿತ್ತು ಅನ್ನೋದೇ ಮೇಲಿನ ಪ್ರಶ್ನೆಗೆ ಉತ್ತರ. ಮೇಡಂ ಹೇಳಿದ ‘ಸುದ್ದಿ ಒಯ್ಯೋದು’ ನನಗೆ ಹೀಗೆ ತಿಳೀತು. ಮುಂದುವರಿಸಿ, ಓದ್ತಾ ಇದೀನಿ.

ತೋಟದಮನೆ · ಭಾನುವಾರ, ರಾತ್ರಿ 9:25

ತೇವ ಮೊದಲು ಬಂತು, ಮರ ಚಿಕ್ಕದಾಯ್ತು. ಮೊದಲನೇ ಸಾಲಿನ ಸೂತ್ರವನ್ನೇ ಹಾಕಿದ್ದು.

ಆದರೆ ಇವತ್ತು ದೊಡ್ಡ ತೊಂದರೆ. ದೋಷ ನೋಡೋ ಇನ್ನೊಂದು ಫಂಕ್ಷನ್ ಬರೆದೆ. ಕಪ್ಪು ಕಾಳು, ಒಡಕು, ಬೋರರ್ ಹುಳದ ತೂತು, ವಾಸನೆ ಹೀಗೆ 20 ಬಗೆಯ ದೋಷ. ಪ್ರತಿ ದೋಷಕ್ಕೂ ಎರಡು ಹೌದು-ಇಲ್ಲ: ಸ್ಯಾಂಪಲ್‌ನಲ್ಲಿ ಕಂಡಿದೆಯಾ, ಮಿತಿ ಮೀರಿದೆಯಾ. ಎರಡೂ ಹೌದು ಆದರೆ ಆ ದೋಷದ ಕ್ರಮ. ಒಟ್ಟು 40 ಕಾಲಂ, 20 ಸಾಲು, ಕೊನೆಗೆ ‘ಪಾಸ್’ ಅನ್ನೋ ಒಂದು ಸಾಲು. ಪ್ರತಿ ಸಾಲಲ್ಲೂ ಎರಡೇ ಕಡೆ ‘ಹೌದು’, ಮಿಕ್ಕಿದ್ದೆಲ್ಲ ಅಂಡರ್‌ಸ್ಕೋರ್. ಕಂಪೈಲ್‌ಗೆ ಕೊಟ್ಟು ಊಟ ಮುಗಿಸಿ ಬಂದೆ, ಇನ್ನೂ ಓಡ್ತಿತ್ತು, ಲ್ಯಾಪ್‌ಟಾಪ್ ಮೆಮೊರಿ ತುಂಬಿಹೋಗಿತ್ತು. 5 ದೋಷಕ್ಕೆ ಇಳಿಸಿದರೆ ಕಣ್ಣು ಮಿಟುಕಿಸೋದರಲ್ಲಿ ಮುಗಿಯುತ್ತೆ.

ಕಡೂರುಜಂಕ್ಷನ್ · ಭಾನುವಾರ, ರಾತ್ರಿ 9:50

ನಾನು ಸ್ಫೋಟ ಅಂದಿದ್ದು ಇದನ್ನೇ. ಗುಂಪು ಕತ್ತರಿಸೋ ವಿಧಾನದಲ್ಲಿ ಇದು 40 ಪರೀಕ್ಷೆ, ಅಷ್ಟೇ.

ಕಳಸದಮಂಜು · ಭಾನುವಾರ, ರಾತ್ರಿ 10:45

ಹೌದು, ಡಿಸಿಷನ್ ಟ್ರೀಯ ನಿಜವಾದ ಅಪಾಯ ಇದೇ. ಎಷ್ಟು ದೊಡ್ಡದಾಗುತ್ತೆ ಅಂತ ಕೈಯಲ್ಲೇ ಲೆಕ್ಕ ಹಾಕಬಹುದು. ಮೊದಲ ದೋಷ ಕಂಡಿದೆಯಾ ಕೇಳಿದೆ. ಇಲ್ಲ ಅಂದರೆ ಮಿಕ್ಕ 19 ದೋಷದ ಇಡೀ ಮರ. ಹೌದು ಅಂದರೆ ಮಿತಿ ಮೀರಿದೆಯಾ ಕೇಳಿದೆ. ಇಲ್ಲ ಅಂದರೆ ಮತ್ತೊಮ್ಮೆ ಅದೇ 19 ದೋಷದ ಇಡೀ ಮರ. ಅಂದರೆ ಪ್ರತಿ ಹೆಜ್ಜೆಗೂ ಎರಡು ಪರೀಕ್ಷೆ, ಜೊತೆಗೆ ಮಿಕ್ಕಿದ್ದರ ಎರಡು ಪ್ರತಿ. 1 ದೋಷಕ್ಕೆ 2 ಪರೀಕ್ಷೆ, 2ಕ್ಕೆ 6, 3ಕ್ಕೆ 14. 10 ದೋಷಕ್ಕೆ 2,046. ನಿನ್ನ 20ಕ್ಕೆ 20,97,150. ಒಂದೊಂದು ಹೆಜ್ಜೆಯಲ್ಲೂ 40 ಕಾಲಂವರೆಗಿನ ಮ್ಯಾಟ್ರಿಕ್ಸ್ (ಇನ್ನೂ ಉಳಿದ ಸಾಲು, ಕಾಲಂಗಳ ಚೌಕಟ್ಟು) ಹೊಸದಾಗಿ ಕಟ್ತಾ ಇದ್ದೀಯ. ಮೆಮೊರಿ ತುಂಬದೇ ಇನ್ನೇನು.

ಆದರೆ ಆ ಎರಡು ಪ್ರತಿಗಳು ಒಂದೇ ಮರ! ಒಂದನ್ನೇ ಕಟ್ಟಿ ಎರಡೂ ಕಡೆಯಿಂದ ಅದಕ್ಕೇ ಬಾಣ ತೋರಿಸಿದರೆ 40 ಪರೀಕ್ಷೆಗೆ ಮುಗಿಯುತ್ತೆ. ಆಗ ಅದು ಮರ ಅಲ್ಲ, ಕೊಂಬೆಗಳು ಮತ್ತೆ ಕೂಡಿಕೊಳ್ಳೋ ಗ್ರಾಫ್. ಪೆಟರ್ಸನ್ 1992ರಲ್ಲಿ ಫೈನೈಟ್ ಆಟೊಮ್ಯಾಟಾ (ಸೀಮಿತ ಸ್ಥಿತಿಗಳ ಯಂತ್ರ) ಕಡೆಯಿಂದ ಬಂದು ಹೀಗೆ ಒಂದೇ ಆಗಿರೋ ಸ್ಥಿತಿಗಳನ್ನ ಕೂಡಿಸಿದ್ದರು.

ಮಾಡುವಾಗ ಎಡವೋ ಜಾಗಗಳಿವೆ, ನಾನೂ ಎಡವಿದ್ದೇನೆ. ಕಟ್ಟಿದ ಮೇಲೆ ಒಂದೇ ಥರ ಇರೋ ಕೊಂಬೆಗಳನ್ನ ಕೂಡಿಸಿದರೆ ಹೊರಬರೋ ಕೋಡ್ ಚಿಕ್ಕದಾಗುತ್ತೆ, ಆದರೆ ಕಟ್ಟೋ ಹೊತ್ತಿಗೆ ಇಪ್ಪತ್ತು ಲಕ್ಷ ಸಲ ಕಟ್ಟಿಯೇ ಇರ್ತೀಯ. ನಿನ್ನ ತೊಂದರೆ ಇರೋದೇ ಅಲ್ಲಿ. ಕಟ್ಟೋ ಮುಂಚೆಯೇ, ಈ ಮ್ಯಾಟ್ರಿಕ್ಸ್ ಹಿಂದೆ ಬಂದಿತ್ತಾ ಅಂತ, ಕಟ್ಟಿದ್ದನ್ನೆಲ್ಲ ಬರೆದಿಟ್ಟ ಟೇಬಲ್‌ನಲ್ಲಿ ಹುಡುಕಬೇಕು.

ಹುಡುಕಿದರೂ ಸಿಗಲ್ಲ, ಅದು ಮುಂದಿನ ಎಡವಟ್ಟು. ‘ಕಂಡಿಲ್ಲ’ ದಾರಿಯಲ್ಲಿ ಮೊದಲ ಕಾಲಂ ಹೋಗಿದೆ, ಮೊದಲ ಸಾಲು ಹೋಗಿದೆ, ಆದರೆ ‘ಮಿತಿ ಮೀರಿದೆಯಾ’ ಕಾಲಂ ಇನ್ನೂ ಇದೆ. ಅದರಲ್ಲಿ ಈಗ ಬರೀ ಅಂಡರ್‌ಸ್ಕೋರ್. ‘ಕಂಡಿದೆ, ಮಿತಿ ಮೀರಿಲ್ಲ’ ದಾರಿಯಲ್ಲಿ ಎರಡೂ ಕಾಲಂ ಹೋಗಿವೆ. ಒಂದರಲ್ಲಿ 39 ಕಾಲಂ, ಇನ್ನೊಂದರಲ್ಲಿ 38. ಅರ್ಥ ಒಂದೇ, ರೂಪ ಬೇರೆ, ಟೇಬಲ್ ಬೇರೆ ಅಂದುಕೊಳ್ಳುತ್ತೆ. ಆದ್ದರಿಂದ ಟೇಬಲ್‌ನಲ್ಲಿ ಹುಡುಕೋ ಮುಂಚೆ ಬರೀ ಅಂಡರ್‌ಸ್ಕೋರ್ ಇರೋ ಕಾಲಂಗಳನ್ನ ಕಿತ್ತು ಹಾಕು. ಕಾಲಂನಲ್ಲಿ ವೇರಿಯಬಲ್ ಹೆಸರು ಕೊಟ್ಟಿದ್ದರೆ ಅದನ್ನೂ ಅಂಡರ್‌ಸ್ಕೋರ್ ಮಾಡಿ, ಆ ಹೆಸರು ಲಾಟ್‌ನ ಯಾವ ಭಾಗದ್ದು ಅನ್ನೋದನ್ನ ಸಾಲಿನ ಬಲಗಡೆ ಬರೆದಿಟ್ಟುಕೋ. ಮತ್ತೆ, ಕಾಲಂ ಕಿತ್ತ ಮೇಲೆ ‘ಎರಡನೇ ಕಾಲಂ’ ಅನ್ನೋ ಮಾತಿಗೆ ಬೆಲೆ ಇಲ್ಲ. ಪ್ರತಿ ಕಾಲಂಗೂ ಅದು ಮೂಲ ಬೆಲೆಯ ಯಾವ ಜಾಗ ಅನ್ನೋ ದಾರಿಯನ್ನ ಅಂಟಿಸಿರಬೇಕು, ಟೇಬಲ್‌ನ ಕೀಯಲ್ಲಿ ಅದೂ ಸೇರಬೇಕು. ಇಲ್ಲದಿದ್ದರೆ ಬೇರೆ ಬೇರೆ ಜಾಗ ಕೇಳೋ ಎರಡು ಮ್ಯಾಟ್ರಿಕ್ಸ್ ಒಂದೇ ಅಂತ ಕೂಡಿಹೋಗಿ ತಪ್ಪು ಉತ್ತರ ಬರುತ್ತೆ. ನಿಧಾನಕ್ಕಿಂತ ಅದು ಕೆಟ್ಟದ್ದು.

ತೋಟದಮನೆ · ಸೋಮವಾರ, ಬೆಳಿಗ್ಗೆ 6:15

ರಾತ್ರಿ ಒಂದು ಗಂಟೆಗೆ ಮುಗೀತು. ಮೊದಲು ಕಾಲಂ ಕೀಳದೆ ಟೇಬಲ್ ಹಾಕಿ ನೋಡಿದೆ, ನೀವು ಹೇಳಿದ ಹಾಗೇ ಏನೂ ಸಿಗಲಿಲ್ಲ. ಕಿತ್ತ ಮೇಲೆ 20 ದೋಷ, 40 ಪರೀಕ್ಷೆ, ಎಂಟರ್ ಒತ್ತಿದ ತಕ್ಷಣ ಮುಗಿಯಿತು. ತುಂಬಾ ಖುಷಿ ಆಯ್ತು ಅಕ್ಕ.

ಗೋದಾಮುಲೆಕ್ಕ · ಸೋಮವಾರ, ಮಧ್ಯಾಹ್ನ 1:30

ತೋಟದಮನೆಯವರೇ, ವೇಗದ ಮಾತು ಆಯ್ತು. ನನ್ನದು ಬೇರೆ ಚಿಂತೆ. ನಿಮ್ಮ ಸಂಸ್ಕರಣೆಯಲ್ಲಿ ಪಾರ್ಚ್‌ಮೆಂಟ್, ಚೆರಿ ಎರಡೇ ಇವೆ. ಹನಿ (ಇಂಗ್ಲಿಷ್‌ನ ಹನಿ, ಜೇನು ಅನ್ನೋ ಅರ್ಥದ್ದು) ಎಲ್ಲಿ? ಈಗ ನಮ್ಮ ಕಡೆ ಎಷ್ಟೋ ತೋಟದವರು ಪಲ್ಪರ್‌ನಲ್ಲಿ ಸಿಪ್ಪೆ ತೆಗೆದು, ಕಾಳಿನ ಮೇಲಿನ ಅಂಟು ತೊಳೆಯದೆ ಹಾಗೇ ಒಣಗಿಸ್ತಾರೆ.

ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಇದೇ ಆಗಿದ್ದು. ಸಾಫ್ಟ್‌ವೇರ್‌ನಲ್ಲಿ ಪಾರ್ಚ್‌ಮೆಂಟ್ ಆದರೆ ಹೀಗೆ, ಉಳಿದದ್ದೆಲ್ಲ ಚೆರಿ ಅಂತ ಬರೆದಿತ್ತು. ಮೊದಲ ಸಲ ಹನಿ ಲಾಟ್ ಬಂದಾಗ ಎಂಟ್ರಿಯಲ್ಲಿ ಹೊಸ ಹೆಸರು ಸೇರಿಸಿದರು, ನಿಯಮವನ್ನ ಯಾರೂ ಮುಟ್ಟಲಿಲ್ಲ. ಲಾಟ್ ಸದ್ದಿಲ್ಲದೆ ಚೆರಿ ಜೊತೆ ಹೋಗಿ, ಅದರ ಜೊತೆಗೇ ಹಲ್ಲಿಂಗ್ (ಸಿಪ್ಪೆ ಬಿಡಿಸೋದು) ಆಗಿಹೋಯ್ತು. ಬೆರೆತ ಮೇಲೆ ಬೇರೆ ಮಾಡೋದು ಹೇಗೆ? ಆ ಬೆಳೆಗಾರರು ವಾರಗಟ್ಟಲೆ ಕೈಯಾಡಿಸಿ ಒಣಗಿಸಿದ್ದ ಕಾಫಿ. ಅವರ ಮುಖ ನನಗೆ ಇನ್ನೂ ಮರೆತಿಲ್ಲ. ಪ್ರೋಗ್ರಾಂ ಒಂದು ಎರರ್ ಕೊಟ್ಟಿದ್ದರೆ ಸಾಕಿತ್ತು.

ಕಳಸದಮಂಜು · ಸೋಮವಾರ, ರಾತ್ರಿ 8:10

ಸರ್, ಓದಿ ಬೇಜಾರಾಯ್ತು. ನೀವು ಹೇಳಿದ್ದು ಈ ಥ್ರೆಡ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ವೇಗಕ್ಕೆ ಅಂತ ಕಟ್ಟಿದ ಅದೇ ಮ್ಯಾಟ್ರಿಕ್ಸ್ ಈ ಎರರ್ ಅನ್ನೂ ಕೊಡುತ್ತೆ.

ಕೇಳಬೇಕಾದ್ದು ಒಂದೇ ಪ್ರಶ್ನೆ: ಮೇಲಿನ ಸಾಲುಗಳು ಯಾವುವೂ ಹಿಡಿಯದೆ, ಈ ಹೊಸ ಸಾಲು ಮಾತ್ರ ಹಿಡಿಯೋ ಬೆಲೆ ಒಂದಾದರೂ ಇದೆಯಾ? ಇದ್ದರೆ ಆ ಸಾಲು ಉಪಯುಕ್ತ. ಎಲ್ಲಾ ಸಾಲುಗಳ ಕೆಳಗೆ (_, _, _) ಇಟ್ಟು ಕೇಳು: ಅದು ಉಪಯುಕ್ತ ಅಂತ ಉತ್ತರ ಬಂದರೆ ಯಾವುದೋ ಕೇಸ್ ಬಿಟ್ಟುಹೋಗಿದೆ. ಇರೋ ಸಾಲನ್ನೇ ಅದರ ಮೇಲಿನವುಗಳ ಎದುರು ಇಟ್ಟು ಕೇಳು: ಉಪಯುಕ್ತ ಅಲ್ಲ ಅಂದರೆ ಆ ಸಾಲಿಗೆ ಯಾವತ್ತೂ ತಲುಪಲ್ಲ. ಮರಾಂಜೆ 2007ರಲ್ಲಿ ಇದನ್ನ ಬಿಡಿಸಿ ಬರೆದರು. ಓಕ್ಯಾಮಲ್‌ನ 8ನೇ ನಂಬರ್ ವಾರ್ನಿಂಗ್ ಮೊದಲನೆಯದ್ದು, 11ನೆಯದ್ದು ಎರಡನೆಯದ್ದು. ರಸ್ಟ್ ಭಾಷೆಯಲ್ಲಿ ಮೊದಲನೆಯದ್ದು ವಾರ್ನಿಂಗ್ ಅಲ್ಲ, ನೇರ ಎರರ್.

ಸಂಸ್ಕರಣೆಗೆ ಹನಿ ಸೇರಿಸಿ, ನಿಯಮ ಹಾಗೇ ಬಿಟ್ಟು ನಡೆಸಿ ನೋಡೋಣ. ಮೊದಲ ಕಾಲಂನಲ್ಲಿ ಅರೇಬಿಕಾ, ರೊಬಸ್ಟಾ ಎರಡೂ ಇವೆ, ಒಂದೊಂದಾಗಿ ಹೋಗು. ಅರೇಬಿಕಾ ತಗೊಂಡರೆ 1, 2, 4 ಸಾಲು ಉಳಿದವು. ಮುಂದಿನ ಕಾಲಂನಲ್ಲಿ ಪಾರ್ಚ್‌ಮೆಂಟ್ ಇದೆ, ಚೆರಿ ಇದೆ, ಹನಿಯ ಹೆಸರಿಲ್ಲ. ಹೆಸರಿಲ್ಲದ್ದನ್ನ ಹಿಡಿಯೋಕೆ ಆಗೋದು ಅಂಡರ್‌ಸ್ಕೋರ್ ಇರೋ ಸಾಲಿಗೆ ಮಾತ್ರ, ಅದು 1ನೇದು. ಅದರಲ್ಲಿ ಉಳಿದದ್ದು ‘ಹಸಿ’ ಒಂದೇ. ಒಣ ಆದರೆ ಹಿಡಿಯೋರೇ ಇಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋದರೆ ಸಾಕ್ಷಿ ಸಿಕ್ಕಿತು: (ಅರೇಬಿಕಾ, ಹನಿ, ಒಣ). ಏನೋ ಬಿಟ್ಟಿದೆ ಅಂತ ಮಾತ್ರ ಹೇಳದೆ, ಬಿಟ್ಟಿದ್ದು ಇದೇ ಲಾಟ್ ಅಂತ ಹೆಸರು ಹಿಡಿದು ಹೇಳುತ್ತೆ.

ಬೇಲೂರುದಾರಿ · ಸೋಮವಾರ, ರಾತ್ರಿ 8:35

ಹಾಗಾದ್ರೆ ಅಕ್ಕ, ಕೊನೆಗೆ ಒಂದು ಅಂಡರ್‌ಸ್ಕೋರ್ ಸಾಲು ಹಾಕಿ ‘ಗೊತ್ತಿಲ್ಲ’ ಅಂತ ಕೊಟ್ಟರೆ ಎರರ್ ಬರಲ್ಲ ಅಲ್ವಾ? ಕಾಲೇಜಲ್ಲಿ ಜಾವಾ ಸ್ವಿಚ್‌ಗೆ ಡಿಫಾಲ್ಟ್ ಇಲ್ಲದೆ ಬರೀಬೇಡಿ ಅಂತಾನೇ ಹೇಳಿಕೊಟ್ಟಿದ್ದು.

ಗೋದಾಮುಲೆಕ್ಕ · ಸೋಮವಾರ, ರಾತ್ರಿ 8:50

ತಮ್ಮಾ, ನಾನು ಹೇಳಿದ ಲಾಟ್ ಹಾಳಾಗಿದ್ದೇ ಆ ಡಿಫಾಲ್ಟ್‌ನಿಂದ.

ಕಳಸದಮಂಜು · ಸೋಮವಾರ, ರಾತ್ರಿ 9:20

ಹಳೇ ಸ್ವಿಚ್‌ಗೆ ಆ ಬುದ್ಧಿವಾದ ಸರಿ ಇತ್ತು, ಅಲ್ಲಿ ಎಲ್ಲಾ ಕೇಸ್ ಬರೆದಿದೆಯಾ ಅಂತ ಕಂಪೈಲರ್ ಪರೀಕ್ಷಿಸ್ತಿರಲಿಲ್ಲ. 2023ರ ಜಾವಾ 21ರಲ್ಲಿ ಸೀಲ್ಡ್ ಬಗೆಗಳ (ಯಾವ್ಯಾವ ರೂಪ ಇವೆ ಅಂತ ಮೊದಲೇ ಗೊತ್ತುಮಾಡಿದ ಬಗೆ) ಮೇಲೆ ಪ್ಯಾಟರ್ನ್ ಸ್ವಿಚ್ ಬರೆದರೆ ಡಿಫಾಲ್ಟ್ ಬೇಕಿಲ್ಲ, ಎಲ್ಲಾ ಕೇಸ್ ಮುಗಿದಿದೆಯಾ ಅಂತ ಕಂಪೈಲರೇ ನೋಡುತ್ತೆ. ಅಲ್ಲಿ ಡಿಫಾಲ್ಟ್ ಹಾಕಿದರೆ ಆ ಕಣ್ಣನ್ನ ನಾವೇ ಮುಚ್ಚಿದ ಹಾಗೆ.

ಇನ್ನೂ ಒಂದು ನೋಡಿ, ನನಗೂ ಬರೆಯುವಾಗಲೇ ಹೊಳೆದದ್ದು. ಮೇಲೆ ಸಾಕ್ಷಿಯಾಗಿ ಬಂದದ್ದು ಅರೇಬಿಕಾ ಹನಿ ಮಾತ್ರ. ರೊಬಸ್ಟಾ ಹನಿ ಎಲ್ಲಿ ಹೋಯ್ತು? 3ನೇ ಸಾಲು (ರೊಬಸ್ಟಾ, _, _) ಅದನ್ನ ಸದ್ದಿಲ್ಲದೆ ಗೋದಾಮು 3ಕ್ಕೆ ಕಳಿಸಿತು. ಅಂಡರ್‌ಸ್ಕೋರ್ ಕೊನೆಯ ಸಾಲಲ್ಲಿ ಇದ್ದರೆ ಮಾತ್ರ ಅಪಾಯ ಅಂತಲ್ಲ. ಬಗೆಗೆ ಮುಂದೆ ಹೊಸದು ಸೇರಬಹುದು ಅನ್ನೋ ಕಾಲಂನಲ್ಲಿ ಎಲ್ಲಿದ್ದರೂ ಅಪಾಯವೇ. ಹೊಸದು ಸೇರಿದರೂ ಇಡೀ ಮ್ಯಾಚ್ ಪೂರ್ತಿಯಾಗೇ ಉಳಿಯೋ ಹಾಗಿದ್ದರೆ ಎಚ್ಚರಿಸೋಕೆ ಓಕ್ಯಾಮಲ್‌ನಲ್ಲಿ 4ನೇ ನಂಬರ್ ವಾರ್ನಿಂಗ್ ಇದೆ, ಸಾಮಾನ್ಯವಾಗಿ ಆಫ್ ಆಗಿರುತ್ತೆ. ತೋಟದಮನೆ, ನಿನ್ನ ಭಾಷೆಯಲ್ಲಿ ‘ಪಾರ್ಚ್‌ಮೆಂಟ್ | ಚೆರಿ’ ಅಂತ ಒಂದೇ ಜಾಗದಲ್ಲಿ ಎರಡು ಹೆಸರು ಬರೆಯೋ ಅನುಕೂಲ ಕೊಡು. ಅದಿದ್ದರೆ ಜನ ಸೋಮಾರಿತನಕ್ಕೆ ಅಂಡರ್‌ಸ್ಕೋರ್ ಹಾಕೋದು ಕಡಿಮೆ ಆಗುತ್ತೆ.

ಬೇಲೂರುದಾರಿ · ಸೋಮವಾರ, ರಾತ್ರಿ 9:45

ಇನ್ನೊಂದೇ ಪ್ರಶ್ನೆ. ತೇವದ ಮೀಟರ್ ಕೊಡೋದು ಸಂಖ್ಯೆ. ಹಸಿ, ಒಣ ಅನ್ನೋ ಬದಲು ‘ತೇ > 11 ಆದಾಗ ಕಣ’ ಅಂತ ನೇರ ಬರೆದರೆ?

ಕಡೂರುಜಂಕ್ಷನ್ · ಸೋಮವಾರ, ರಾತ್ರಿ 10:00

ಇದಕ್ಕೆ ನಾನು ಹೇಳ್ತೀನಿ, ಎರ್ಲಾಂಗ್‌ನಲ್ಲಿ ದಿನಾ ಗಾರ್ಡ್ (ಸಾಲಿಗೆ ಅಂಟಿಸೋ ಇಂಥ ಷರತ್ತು) ಬರೀತೀವಿ. ಬರೀಬಹುದು. ಆದರೆ ಗಾರ್ಡ್ ನಿಜ ಆಗುತ್ತೋ ಸುಳ್ಳಾಗುತ್ತೋ ಅಂತ ಕಂಪೈಲರ್‌ಗೆ ಮೊದಲೇ ಗೊತ್ತಿರಲ್ಲ. ಹಾಗಾಗಿ ಗಾರ್ಡ್ ಇರೋ ಸಾಲು ಯಾವಾಗ ಬೇಕಾದರೂ ಸೋಲಬಹುದು ಅಂತಲೇ ಅದು ನಡೀಬೇಕು: ಸೋತರೆ ಕೆಳಗಿನ ಸಾಲುಗಳಿಗೆ ದಾರಿ ಇಟ್ಟಿರಬೇಕು, ಮತ್ತೆ ಕೇಸ್ ಮುಗಿದಿದೆಯಾ ಅಂತ ಎಣಿಸುವಾಗ ಆ ಸಾಲು ಇಲ್ಲವೇ ಇಲ್ಲ ಅನ್ನೋ ಹಾಗೆ ಬಿಡಬೇಕು. ‘ತೇ > 11’ ಒಂದು ಸಾಲು, ‘ತೇ <= 11’ ಇನ್ನೊಂದು ಸಾಲು ಬರೆದು ನಿಮಗೆ ಎಲ್ಲಾ ಮುಗೀತು ಅನ್ನಿಸಿದರೂ, ಇಂಥ ಸರಳ ಚೆಕ್ ಮುಗಿದಿಲ್ಲ ಅಂತ ದೂರುತ್ತೆ. ಸಂಖ್ಯೆಯನ್ನ ಒಂದೇ ಕಡೆ ಹಸಿ, ಒಣ ಅಂತ ಮಾಡ್ಕೊಂಡು ಆಮೇಲೆ ಪ್ಯಾಟರ್ನ್ ಬರೆಯೋದೇ ಒಳ್ಳೇದು.

ತೋಟದಮನೆ · ಬುಧವಾರ, ರಾತ್ರಿ 9:55

ಎರಡು ದಿನ ಬೇಕಾಯ್ತು, ಉಪಯುಕ್ತತೆಯ ಚೆಕ್ ಓಡ್ತಿದೆ. ಹನಿ ಸೇರಿಸಿದ ಕೂಡಲೇ ಕಂಪೈಲರ್ ಬರೆದದ್ದು: ‘ಈ ಕೇಸ್ ಬಿಟ್ಟಿದೆ: (ಅರೇಬಿಕಾ, ಹನಿ, ಒಣ)’.

ಆಮೇಲೆ ಅಪ್ಪನ ಹತ್ರ ಕೇಳಿದೆ, ಹನಿ ಇನ್ನೂ ಹಸಿ ಇದ್ದರೆ ಏನು ಮಾಡೋದು ಅಂತ. ಅದನ್ನ ನೆಲದ ಕಣಕ್ಕೆ ಹಾಕಬಾರದು, ಅಂಟಿಗೆ ಧೂಳು ಹತ್ತುತ್ತೆ, ಬಲೆ ಕಟ್ಟಿದ ಮೇಜಿನ ಮೇಲೇ ಒಣಗಬೇಕು ಅಂದರು. ನಿಯಮದಲ್ಲಿ ಅದು ಇರಲೇ ಇಲ್ಲ. (_, ಹನಿ, ಹಸಿ) → ಮೇಜು ಅಂತ ಕೆಳಗೆ ಸೇರಿಸಿದೆ. ತಕ್ಷಣ ಇನ್ನೊಂದು ಎರರ್: ‘5ನೇ ಸಾಲಿಗೆ ಎಂದೂ ತಲುಪುವುದಿಲ್ಲ’. ನಿಜ, ಹಸಿ ಇದ್ದದ್ದನ್ನೆಲ್ಲ 1ನೇ ಸಾಲೇ ಹಿಡೀತಿತ್ತು. ಮೇಲಕ್ಕೆ ಒಯ್ದೆ. ಈಗ ಹೀಗಿದೆ:

1. (_, ಹನಿ, ಹಸಿ) → ಮೇಜು
2. (_, _, ಹಸಿ) → ಕಣ
3. (ಅರೇಬಿಕಾ, ಪಾರ್ಚ್‌ಮೆಂಟ್, _) → ಗೋದಾಮು 1
4. (ಅರೇಬಿಕಾ, ಚೆರಿ, _) → ಗೋದಾಮು 2
5. (ರೊಬಸ್ಟಾ, ಪಾರ್ಚ್‌ಮೆಂಟ್ | ಚೆರಿ, _) → ಗೋದಾಮು 3
6. (_, ಹನಿ, _) → ಗೋದಾಮು 4

ಮೊದಲನೇ ಸಾಲಲ್ಲಿ ಸಂಸ್ಕರಣೆ, ತೇವ ಎರಡೂ ಬೇಕು. ನನ್ನ ಸೂತ್ರ ಎಡಗಡೆ ಸಿಕ್ಕಿದ್ದು ಅಂತ ಸಂಸ್ಕರಣೆ ಆರಿಸಿತು. 6 ಪರೀಕ್ಷೆ ಬಂತು.

ಕಳಸದಮಂಜು · ಬುಧವಾರ, ರಾತ್ರಿ 10:30

ಸಮ ಬಂದಾಗ ಎರಡನೇ ಸಾಲನ್ನೂ ಕೇಳು. ಅಲ್ಲಿ ತೇವ ಮಾತ್ರ ಬೇಕು. ತೇವ ಮೊದಲು ಕೇಳಿದರೆ: ಹಸಿ ಕೊಂಬೆಯಲ್ಲಿ ಸಂಸ್ಕರಣೆ ಒಂದು ಪರೀಕ್ಷೆ, ಹನಿ ಆದರೆ ಮೇಜು, ಮಿಕ್ಕಿದ್ದು ಕಣ. ಒಣ ಕೊಂಬೆಯಲ್ಲಿ ಸಂಸ್ಕರಣೆ ಒಂದು, ಹನಿ ಆದರೆ ಜಾತಿ ಕೇಳದೆಯೇ ಗೋದಾಮು 4. ಪಾರ್ಚ್‌ಮೆಂಟ್‌ಗೆ ಒಂದು ಸಲ ಜಾತಿ, ಚೆರಿಗೆ ಒಂದು ಸಲ ಜಾತಿ. ಒಟ್ಟು 5. ನಿನ್ನ 6ರಲ್ಲಿ ತೇವ ಮೂರು ಕೊಂಬೆಯಲ್ಲಿ ಬಂದಿರುತ್ತೆ ನೋಡು.

ತೋಟದಮನೆ · ಬುಧವಾರ, ರಾತ್ರಿ 10:50

ಹೌದು, ಮೂರು ಕಡೆ ಇತ್ತು. ಎರಡನೇ ಸಾಲು ಕೇಳೋ ಹಾಗೆ ಬದಲಾಯಿಸಿದೆ, 5 ಬಂತು. ಗೋದಾಮುಲೆಕ್ಕ ಸರ್, ನಾಳೆ ನಮ್ಮ ಮೊದಲ ಹನಿ ಲಾಟ್ ಮೇಜಿಂದ ಇಳಿಸ್ತಿದ್ದೀವಿ. ಮೀಟರ್ ಹಾಕಿ, ಈ ಪ್ರೋಗ್ರಾಂ ಏನು ಹೇಳುತ್ತೆ ಅಂತ ಇಲ್ಲೇ ಬರೀತೀನಿ.